ಹೊಗೆ ಸೌನಾದ ಆಲೂಗಡ್ಡೆ

ಸೈಮಾಳಿಗೂ ಆ ಹಿತ್ತಿಲಿಗೂ ಮೊದಲ ಭೇಟಿಯಾದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಗಂಡ ತೌನೊ ಹಡಗುಕಟ್ಟೆಯ ಬಡಗಿ ಕೆಲಸದಿಂದ ನಿವೃತ್ತನಾಗಿ, ತೆಂಕಣದ ತೂರ್ಕುವಿನ ಕರಾವಳಿ ಬಿಟ್ಟು, ಫಿನ್ಲೆಂಡಿನ ಬಡಗಣ ಮೂಲೆಯ ತನ್ನ ಹುಟ್ಟೂರಿಗೆ ಅವಳನ್ನು ಕರೆತಂದು ಇನ್ನೂ ಒಂದು ವಾರವೂ ಆಗಿರಲಿಲ್ಲ. ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಿರಲಿಲ್ಲ. ಬಿಚ್ಚಿದ್ದು ಗುದ್ದಲಿ ಒಂದೇ. ಸೈಮಾ ಅದನ್ನು ತಲೆಯ ಮೇಲಕ್ಕೆತ್ತಿ, ಒಂದು ಜನ್ಮದ ಅನುಭವವನ್ನೆಲ್ಲ ತೋಳಿಗೆ ತಂದುಕೊಂಡು, ಹಿತ್ತಿಲಿಗೆ ಒಂದೇಟು ಹಾಕಿದಳು.

"ಠಣ್!" ಎಂದಿತು ಹಿತ್ತಿಲು.

ಮಣ್ಣು ಹೀಗೆ ಪಾತ್ರೆಯ ಹಾಗೆ ಸದ್ದು ಮಾಡುವುದನ್ನು ಸೈಮಾ ಹುಟ್ಟಿದ ಮೇಲೆ ಕೇಳಿರಲಿಲ್ಲ. ಗುದ್ದಲಿಯ ಕಾವು ಎರಡು ತುಂಡಾಯಿತು. ಅದರ ನಡುಕ ಮೊಣಕೈ ಹತ್ತಿ, ಹೆಗಲು ದಾಟಿ, ಹಲ್ಲಿನವರೆಗೂ ಬಂತು.

"ಅತ್ತಿಗೆ, ಅದಿನ್ನೂ ಮಲಗಿದೆ. ಎಬ್ಬಿಸಬೇಡ, ಸಿಟ್ಟಾಗುತ್ತೆ!" ಬೇಲಿಯ ಆಚೆಯಿಂದ ದನಿ ಬಂತು.

ಅವಳು ಹೆಲ್ವಿ. ತೌನೊನ ತಂಗಿ, ಪಕ್ಕದ ಮನೆಯವಳು. ಕೈಯಲ್ಲಿ ಕಾಫಿ ಲೋಟ ಇಲ್ಲದ ಹೆಲ್ವಿಯನ್ನು ಆ ಊರಿನಲ್ಲಿ ನೋಡಿದವರಿಲ್ಲ.

"ಮೇ ಬಂತಲ್ಲ ಹೆಲ್ವಿ! ನಮ್ಮ ಕಡೆ ಈ ಹೊತ್ತಿಗೆ ಆಲೂಗಡ್ಡೆ ಚಿಗುರಿರುತ್ತೆ."

"ನಿಮ್ಮ ಕಡೆ ಚಿಗುರಲಿ, ಯಾರು ಬೇಡ ಅಂದ್ರು? ಇಲ್ಲಿ ಮೇ ಅಂದ್ರೆ ಕರಗೋಣವೋ ಬೇಡವೋ ಅಂತ ಹಿಮ ಯೋಚನೆ ಮಾಡೋ ತಿಂಗಳು. ಮೊದಲು ಬರ್ಚ್ ಮರದ ಎಲೆ ಇಲಿ ಕಿವಿಯಷ್ಟಾಗಲಿ. ಆಮೇಲೆ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತು ಒಂದು ಲೋಟ ಕಾಫಿ ಕುಡಿ. ಕಾಫಿ ಮುಗಿಯೋ ತನಕ ಕಾಲು ಮರಗಟ್ಟದಿದ್ರೆ ನೆಡು."

"ಮರಗಟ್ಟಿದ್ರೆ?"

"ಒಳಗೆ ಹೋಗಿ ಇನ್ನೊಂದು ಲೋಟ ಕುಡಿ."

ಸೈಮಾ ಮುರಿದ ಕಾವನ್ನು ರಾಜದಂಡದ ಹಾಗೆ ಹಿಡಿದು ಎದೆ ಸೆಟೆಸಿದಳು. "ಕೇಳು ಹೆಲ್ವಿ. ದೇಶಕ್ಕೆಲ್ಲ ಮೊದಲ ಆಲೂಗಡ್ಡೆ ಕಿತ್ತು ಕಳಿಸೋರು ನಮ್ಮೂರಿನವರು. ನಾನು ಕಲ್ಲಿನ ಮೇಲೂ ಬೆಳೀತೀನಿ. ಇನ್ನು ಇದು ಬರೀ ಮಣ್ಣು!"

ಹೆಲ್ವಿ ಕಾಫಿ ಹೀರಿ ಒಳಗೆ ಹೋದಳು. ಆ ಊರಿನ ಜನ ಜೋರಾಗಿ ನಗುವುದು ಒಳಗೆ ಹೋದ ಮೇಲೆ.

ಮೊದಲ ಬೇಸಿಗೆ ಸೈಮಾ ಎಲೆಯನ್ನೂ ನೋಡಲಿಲ್ಲ, ಇಲಿಯ ಕಿವಿಯನ್ನೂ ನೋಡಲಿಲ್ಲ. ಹೊಸ ಗುದ್ದಲಿಗೆ ಮಣ್ಣು ಒಗ್ಗಿದ ದಿನವೇ ನೆಟ್ಟಳು. ಗಿಡ ಬಂತು, ಗೇಣುದ್ದವಾಯಿತು. ಸೈಮಾ ಬೇಲಿಯ ಮೇಲೆ ಬಾಗಿ "ಹೆಲ್ವೀ, ಬಾ ಇಲ್ಲಿ, ನೋಡು" ಎಂದು ಕರೆಯುವುದು ದಿನದ ಅಭ್ಯಾಸವಾಯಿತು. ಅಷ್ಟರಲ್ಲಿ ಬಂತು ಕಬ್ಬಿಣದ ರಾತ್ರಿ. ನಡು ಬೇಸಿಗೆಯಲ್ಲಿ ದಿಢೀರನೆ ಹಿಮ ಕಟ್ಟುವ ರಾತ್ರಿಗೆ ಆ ಕಡೆ ಇಟ್ಟ ಹೆಸರು ಅದು. ಬೆಳಿಗ್ಗೆ ಎದ್ದು ನೋಡಿದರೆ ಗಿಡಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಒರಗಿದ್ದವು. ಆ ದಿನ ಹೆಲ್ವಿಯನ್ನು ಯಾರೂ ಕರೆಯಲಿಲ್ಲ. ಅವಳೇ ಬಂದಳು, ಏಲಕ್ಕಿ ಬನ್ನು ತಂದುಕೊಟ್ಟು ಹೋದಳು. ಸೈಮಾಳಿಗೆ ಅದು ಇನ್ನೂ ಜಾಸ್ತಿ ಉರಿಯಿತು.

ಎರಡನೆಯ ಬೇಸಿಗೆ ಸೈಮಾ ಯುದ್ಧಕ್ಕೆ ಸಜ್ಜಾದಳು. ರೇಡಿಯೋ ಕಬ್ಬಿಣದ ರಾತ್ರಿ ಎಂದು ಹೇಳಿದ ಕೂಡಲೇ ಹಾಸಿಗೆಯ ಚಾದರ, ಮೇಜಿನ ಬಟ್ಟೆ, ತೌನೊನ ಉಣ್ಣೆಯ ಉದ್ದ ಚಡ್ಡಿ, ಕೊನೆಗೆ ಮದುವೆಗೆ ಅಮ್ಮ ಕೊಟ್ಟಿದ್ದ ಕಸೂತಿ ಪರದೆ, ಎಲ್ಲವನ್ನೂ ತಂದು ಗಿಡಗಳಿಗೆ ಹೊದಿಸಿದಳು. ಹಿಮ ಗಿಡಗಳನ್ನು ಮುಟ್ಟಲಿಲ್ಲ! ಮುಟ್ಟಿದ್ದು ಹಿಮಸಾರಂಗಗಳು. ಇಷ್ಟು ಬಟ್ಟೆ ಹೊದಿಸಿ ಮುಚ್ಚಿಟ್ಟಿದ್ದಾರೆ ಎಂದರೆ ಒಳಗೆ ಏನೋ ಸೊಗಸಾದದ್ದೇ ಇರಬೇಕು ಎಂದು ಅವಕ್ಕೆ ಅನ್ನಿಸಿರಬೇಕು. ಹಿಂಡು ಪೂರ್ತಿ ಬೇಲಿ ಹಾರಿ ಬಂದು ಊಟ ಮಾಡಿತು. ಅದರಲ್ಲೊಂದು ಕಸೂತಿ ಪರದೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡು, ಮದುಮಗಳ ಹಾಗೆ ತಲೆ ತಗ್ಗಿಸಿ, ಊರ ನಡುವಿನ ರಸ್ತೆಯಲ್ಲಿ ನಡೆದು ಹೋಯಿತು. ಅಂಗಡಿಯ ಮುಂದೆ ಕೂತಿದ್ದವರು ಎದ್ದು ನಿಂತು ಟೋಪಿ ತೆಗೆದರಂತೆ!

ಹೀಗಿರುವಾಗ ಮೂರನೆಯ ವರ್ಷ, ಚಳಿಗಾಲ ಮುಗಿಯುವ ಹೊತ್ತಿಗೆ, ತೌನೊ ಮಂಡಿಯುದ್ದದ ಹಿಮದಲ್ಲಿ ನಿಂತು ಅಳತೆಪಟ್ಟಿ ಹಿಡಿದು ಏನೋ ಅಳೆಯುತ್ತಿರುವುದು ಅಡುಗೆಮನೆಯ ಕಿಟಕಿಯಿಂದ ಸೈಮಾಳ ಕಣ್ಣಿಗೆ ಬಿತ್ತು. ಚಪ್ಪಲಿಯಲ್ಲೇ ಹೊರಗೆ ಓಡಿದಳು.

"ಏನು ಅಳೀತಿದ್ದೀಯ?"

"ದೋಣಿಮನೆ."

"ಎಲ್ಲಿ?"

"ಇಲ್ಲೇ. ಬಿಸಿಲು ಚೆನ್ನಾಗಿ ಬೀಳುತ್ತೆ, ದೋಣಿ ಬೇಗ ಒಣಗುತ್ತೆ."

"ಇದು ನನ್ನ ಹಿತ್ತಿಲು!"

"ಹಿತ್ತಿಲು ಅಂದ್ರೆ ಅಲ್ಲಿ ಏನಾದ್ರೂ ಬೆಳೀಬೇಕು ಸೈಮಾ. ಎರಡು ಬೇಸಿಗೆ ಇಲ್ಲಿ ಬೆಳೆದದ್ದು ಹಿಮಸಾರಂಗದ ಹೊಟ್ಟೆ ಮಾತ್ರ."

ಕರಾವಳಿಯಿಂದ ಬರುವಾಗ ಅವಳು ಸೇಬಿನ ಮರಗಳನ್ನು ಬಿಟ್ಟು ಬಂದಿದ್ದಳು, ಬಟಾಣಿ ಬಳ್ಳಿ ಬಿಟ್ಟು ಬಂದಿದ್ದಳು, ಬೆಳಿಗ್ಗೆ ಎದ್ದರೆ ಕೈ ಹಾಕಲು ಮೆತ್ತನೆ ಮಣ್ಣು ಬಿಟ್ಟು ಬಂದಿದ್ದಳು. ಈ ಊರಿನಲ್ಲಿ ಮನೆ ತೌನೊನ ಅಮ್ಮನದು, ಕೆರೆ ಊರಿನದು, ಕಾಡು ಹಿಮಸಾರಂಗಗಳದು. ತನ್ನದು ಅನ್ನಲು ಇದ್ದದ್ದು ಇದೊಂದು ತುಂಡು ನೆಲ. ಅದೂ ದೋಣಿಗೆ ಹೋದರೆ ತಾನು ಇಲ್ಲಿ ನೆಂಟಳೇ ಸರಿ, ಎಷ್ಟು ವರ್ಷ ಇದ್ದರೂ!

ಪಂಚಾಯಿತಿ ನಡೆದದ್ದು ಹೆಲ್ವಿಯ ಅಡುಗೆಮನೆಯಲ್ಲಿ. ನ್ಯಾಯಾಧೀಶೆ ಹೆಲ್ವಿ, ಸಾಕ್ಷಿ ಕಾಫಿ ಕೆಟಲು.

"ನಡುಬೇಸಿಗೆ ಹಬ್ಬದ ಊಟಕ್ಕೆ ಹೊಸ ಆಲೂಗಡ್ಡೆ ಕೊಡ್ತೀನಿ! ಕರಾವಳೀಲಿ ತಿನ್ನೋ ಹಾಗೆ, ಸಬ್ಬಸಿಗೆ ಸೊಪ್ಪು, ಬೆಣ್ಣೆ, ಉಪ್ಪು ಮೀನಿನ ಜೊತೆ!" ಎಂದು ಸೈಮಾ ಮೇಜು ಗುದ್ದಿದಳು.

ತೌನೊನ ಬಾಯಿಂದ ಬನ್ನು ಬಿತ್ತು. "ಹಬ್ಬಕ್ಕಾ? ಜೂನಲ್ಲಾ? ಈ ಊರಲ್ಲಿ ಆ ಹೊತ್ತಿಗೆ ಆಲೂಗಡ್ಡೆ ಇನ್ನೂ ಕಣ್ಣೇ ಬಿಟ್ಟಿರಲ್ಲ!"

"ನಿನಗ್ಯಾಕೆ? ಕೊಟ್ರೆ ಹಿತ್ತಿಲು ನಂದು. ಕೊಡದಿದ್ರೆ ನಿನ್ನ ದೋಣೀದು."

"ಈ ಹಿತ್ತಿಲ ಮಣ್ಣಲ್ಲೇ ಬೆಳೆದಿರಬೇಕು ಅತ್ತಿಗೆ. ಅಂಗಡಿಯಿಂದ ತಂದು ಕೆಸರು ಮೆತ್ತಿ ತೋರಿಸೋ ಹಾಗಿಲ್ಲ" ಎಂದಳು ನ್ಯಾಯಾಧೀಶೆ.

"ಈ ಹಿತ್ತಿಲ ಮಣ್ಣಲ್ಲೇ!" ಎಂದಳು ಸೈಮಾ. ಆ ಮಾತನ್ನು ಹೇಳುವಾಗಲೇ ಅವಳ ತಲೆಯಲ್ಲಿ ಉಪಾಯ ಹೊಳೆದಿತ್ತು.

ಮಣ್ಣು ಬೆಚ್ಚಗಾಗುವ ತನಕ ಗಿಡ ಕಾಯಬೇಕು, ಸರಿ. ಆದರೆ ಮಣ್ಣನ್ನೇ ಬೆಚ್ಚಗಿರುವ ಕಡೆಗೆ ಕರೆದುಕೊಂಡು ಹೋದರೆ? ಸೈಮಾ ಹಿಮ ಸರಿಸಿ, ತೌನೊನ ಹಾರೆಕೋಲಿನಿಂದ ಹಿತ್ತಿಲನ್ನು ಠಣ್ ಠಣ್ ಎಂದು ಒಡೆದು, ಹೆಂಟೆ ಹೆಂಟೆಯಾಗಿ ಬುಟ್ಟಿಯಲ್ಲಿ ಹೊತ್ತು ತಂದು ಅಡುಗೆಮನೆಯ ಒಲೆಯ ಸುತ್ತ ಜೋಡಿಸಿದಳು. ಸಂಜೆಯ ಹೊತ್ತಿಗೆ ಹೆಂಟೆಗಳು ಕರಗಿ ನೆಲದ ಮೇಲೆ ಒಂದು ಸಣ್ಣ ಹೊಳೆ ಹರಿಯಿತು. ಅದರಲ್ಲಿ ಎರೆಹುಳವೊಂದು ಎಚ್ಚೆತ್ತು, ಬೇಸಿಗೆ ಬಂತೆಂದು ತಿಳಿದು, ತೌನೊನ ಕಾಲುಚೀಲ ಹತ್ತಿತು.

"ಇದೇನಿದು?" ತೌನೊ ಕುರ್ಚಿಯ ಮೇಲೆ ಕಾಲೆತ್ತಿಕೊಂಡ.

"ಹಿತ್ತಿಲು."

"ಹಿತ್ತಿಲು ಹೊರಗಿರಬೇಕಲ್ವಾ?"

"ನೆಂಟರ ಹಾಗೆ ಒಳಗೆ ಬಂದಿದೆ. ಸ್ವಲ್ಪ ಬೆಚ್ಚಗಾಗಲಿ ಬಿಡು."

ಕರಗಿದ ಮಣ್ಣು ಹನ್ನೆರಡು ತಗಡಿನ ಬಕೀಟು ತುಂಬಿತು. ಬಕೀಟಿಗೆ ಎರಡರಂತೆ ಮೊಳಕೆ ಬಂದ ಆಲೂಗಡ್ಡೆ ಊರಿದಳು. ಇನ್ನು ಬಿಸಿ ಜಾಗ? ಅದು ಮನೆಗೆ ಅಂಟಿಕೊಂಡೇ ಇತ್ತು, ಮರದ ಗೋಡೆ, ಮರದ ಹಲಗೆ, ಒಂದು ಪುಟ್ಟ ಕಿಟಕಿ ಇದ್ದ ಸೌನಾ. ಶನಿವಾರ ಕಲ್ಲು ಕಾಯಿಸಿ, ನೀರು ಎರಚಿ, ಹಬೆಯಲ್ಲಿ ಕೂತು ಬೆವರಿಳಿಸಿ ಬಂದ ಮೇಲೆ ಆ ಕಲ್ಲುಗಳ ಕಾವು ಮರುದಿನದವರೆಗೂ ಆರುವುದಿಲ್ಲ. ಅಷ್ಟು ಕಾವನ್ನು ಸುಮ್ಮನೆ ಗೋಡೆಗೆ ಕೊಟ್ಟು ಹಾಳುಮಾಡುತ್ತಿದ್ದಾರಲ್ಲ ಈ ಬಡಗಣ ಜನ! ಸೈಮಾ ಬಕೀಟುಗಳನ್ನು ಹಲಗೆಯ ಮೇಲೆ ಸಾಲಾಗಿ ಕೂರಿಸಿದಳು. ಸ್ನಾನದ ದಿನ ಹೊರಗೆ, ಸ್ನಾನ ಮುಗಿದ ಮೇಲೆ ಒಳಗೆ. ನಡುವಿನ ದಿನಗಳಲ್ಲಿ ಕಾವು ಆರಿತೆಂದು ಕಂಡರೆ ಒಂದಿಷ್ಟು ಸೌದೆ. ಅಳತೆ ತಪ್ಪದೆ, ಮಗುವಿನ ಮೈ ಬಿಸಿ ನೋಡುವ ಹಾಗೆ, ಮೊಣಕೈ ಊರಿ ನೋಡಿ ಸೌದೆ ಹಾಕುತ್ತಿದ್ದಳು.

ಗಿಡ ಬಂತು ನೋಡಿ! ಕಿಟಕಿಯ ಕಡೆಗೆ ಕತ್ತು ಚಾಚಿ, ಎಲೆ ಬಿಚ್ಚಿ, ಹಲಗೆಯ ಮೇಲೆ ಹನ್ನೆರಡು ಜನ ಸ್ನಾನಕ್ಕೆ ಕೂತ ಹಾಗೆ!

ತೌನೊನ ಕಷ್ಟ ಬೇರೆ. ಹಲಗೆಯ ಮೇಲೆ ಕೂತು ಎದ್ದರೆ ಹಿಂಭಾಗದಲ್ಲಿ ಹಿತ್ತಿಲು ಅಂಟಿರುತ್ತಿತ್ತು. "ಮೈ ತೊಳೆಯೋಕೆ ಹೋಗಿ ಮಣ್ಣು ಮಾಡ್ಕೊಂಡು ಬರೋ ಗಂಡಸು ಈ ದೇಶದಲ್ಲಿ ನಾನೊಬ್ಬನೇ" ಎಂದು ಗೊಣಗುತ್ತಿದ್ದ. ಸೈಮಾ ಕೇಳಿಸಿಕೊಳ್ಳುತ್ತಿರಲಿಲ್ಲ.

ಜೂನ್ ಶುರುವಿನ ಒಂದು ಶನಿವಾರ ಸೈಮಾ ಒಂದು ಬಕೀಟನ್ನು ಹೊರಗಿಡಲು ಮರೆತಳು. ಅದು ಬಾಗಿಲ ಸಂದಿಯ ತಣ್ಣನೆ ಮೂಲೆಯಲ್ಲಿ ಉಳಿದುಬಿಟ್ಟಿತು. ಹಬೆ ತುಂಬಿ ಕಣ್ಣು ಕಾಣದ ಹೊತ್ತಿನಲ್ಲಿ ತೌನೊ, ಬೆನ್ನಿಗೆ ಬಡಿದುಕೊಳ್ಳಲು ಹೋದ ಬೇಸಿಗೆ ಒಣಗಿಸಿಟ್ಟ ಬರ್ಚ್ ಸೊಪ್ಪಿನ ಕಂತೆಗೆಂದು ಕೈ ಚಾಚಿದ. ಕೈಗೆ ಸೊಪ್ಪು ಸಿಕ್ಕಿತು. ಎಳೆದ. ಸ್ವಲ್ಪ ಬಿಗಿಯಾಗಿತ್ತು, ಜೋರಾಗಿ ಎಳೆದ. ಬೆನ್ನಿಗೆ ಚೆನ್ನಾಗಿ ಬಡಿದುಕೊಂಡ.

ಹೊರಗೆ ಬಂದವನು ಹೇಳಿದ: "ಸೈಮಾ, ಈ ಸಲದ ಸೊಪ್ಪು ಯಾಕೋ ಮೆತ್ತಗಿದೆ. ಮತ್ತೆ ತುದೀಲಿ ಏನೋ ಗುಂಡು ಗುಂಡಾಗಿ ಕಟ್ಟಿದೀಯಲ್ಲ, ಬೆನ್ನಿಗೆ ಟಕಟಕ ಅಂತ ಹೊಡೀತು. ಏನದು, ಹೊಸ ಪದ್ಧತಿನಾ?"

ಸೈಮಾ ಅವನ ಕೈಯಲ್ಲಿದ್ದದ್ದನ್ನು ನೋಡಿದಳು. ಬೇರು ಸಮೇತ ಆಲೂಗಡ್ಡೆ ಗಿಡ! ಬೇರಿನ ತುದಿಯಲ್ಲಿ ಗೋಲಿಯಷ್ಟು, ಬಟಾಣಿಯಷ್ಟು...

"ಗೆಡ್ಡೆ! ತೌನೊ, ಗೆಡ್ಡೆ ಕಟ್ಟಿದೆ ಕಣೋ!" ಟವಲಿನಲ್ಲಿ ನಿಂತಿದ್ದ ಗಂಡನನ್ನು ಅಪ್ಪಿಕೊಂಡು ಅಂಗಳದಲ್ಲಿ ಒಂದು ಸುತ್ತು ಕುಣಿಸಿದಳು. ಬೇಲಿಯ ಆಚೆ ಹೆಲ್ವಿಯ ಕಾಫಿ ಮೂಗಿಗೆ ಹೋಯಿತು.

ಕುಣಿತ ಮುಗಿದ ಮೇಲೆ ತೌನೊ ಬೆನ್ನ ಮೇಲಿನ ಕೆಸರು ಮುಟ್ಟಿ ನೋಡಿಕೊಂಡು ಘೋಷಿಸಿದ: "ಇವತ್ತಿಂದ ನನ್ನ ಸೌನಾದಲ್ಲಿ ಆಲೂಗಡ್ಡೆಗೆ ಜಾಗ ಇಲ್ಲ!"

ಉಳಿದ ಹನ್ನೊಂದು ಬಕೀಟುಗಳು ಕೆರೆಯ ದಂಡೆಗೆ ಗಡೀಪಾರಾದವು. ಅಲ್ಲಿ ತೌನೊನ ಅಮ್ಮನ ಕಾಲದ ಹೊಗೆ ಸೌನಾ ಇತ್ತು. ಹೊಗೆ ಕೊಳವೆ ಇಲ್ಲ, ಕಿಟಕಿ ಇಲ್ಲ, ಒಳಗೆಲ್ಲ ಮಸಿ. ಉರಿ ಹಾಕಿ, ತುಂಬಿದ ಹೊಗೆಯೆಲ್ಲ ಇಳಿದ ಮೇಲೆ ಅಲ್ಲಿ ಸ್ನಾನ. ಮಾಡು ಸೋರುತ್ತಿತ್ತು. "ಸರಿ ಮಾಡ್ತೀನಿ" ಎಂದು ತೌನೊ ಬಂದ ದಿನದಿಂದ ಹೇಳುತ್ತಲೇ ಇದ್ದ, ಆದ್ದರಿಂದ ಅದು ಸರಿಯಾಗುವ ಭಯವಿರಲಿಲ್ಲ. ಸೈಮಾ ಹಗಲೆಲ್ಲ ಬಕೀಟುಗಳನ್ನು ಬಿಸಿಲಿಗಿಟ್ಟು ರಾತ್ರಿ ಒಳಗಿಡುತ್ತಿದ್ದಳು. ಸೂರ್ಯ ಮುಳುಗುವುದನ್ನೇ ಮರೆತ ತಿಂಗಳು ಅದು, ರಾತ್ರಿ ಯಾವುದು ಅಂದರೆ ಗಡಿಯಾರ ಹೇಳಿದ್ದೇ.

ತೌನೊ ಇತ್ತ ಹಿತ್ತಿಲಲ್ಲಿ ಕಂಬಕ್ಕೆಂದು ಒಂದು ಗುಂಡಿ ತೋಡಿದ.

"ಹಬ್ಬ ಇನ್ನೂ ಬಂದಿಲ್ಲ!" ಸೈಮಾ ಸೊಂಟದ ಮೇಲೆ ಕೈ ಇಟ್ಟಳು.

"ಇದು ದೋಣಿಮನೆ ಅಲ್ಲ. ಅಭ್ಯಾಸ."

"ಅಷ್ಟು ತೋಳು ತುರಿಸಿದ್ರೆ ಇಗೋ, ಈ ಚೀಲ ಹಿಡಿ. ನೆಡದೆ ಉಳಿದ ಸುಕ್ಕು ಆಲೂಗಡ್ಡೆ. ಬೇಲಿ ಆಚೆ ಕಸದ ಗುಡ್ಡೆಗೆ ಸುರಿದು ಬಾ. ಇಂಥದ್ದು ಹಿತ್ತಿಲಲ್ಲಿ ಬಿದ್ದಿದ್ರೆ ನನ್ನ ಮಾನ ಹೋಗುತ್ತೆ."

ಕಸದ ಗುಡ್ಡೆ ದೂರ. ತೌನೊ ಬೇಗ ವಾಪಸು ಬಂದ. ಸೊಳ್ಳೆ ಅಟ್ಟಿಸಿಕೊಂಡು ಬಂದವು ಅಂದ. ಬರ್ಚ್ ಮರದಲ್ಲಿ ಆಗ ತಾನೆ ಎಲೆ ಒಡೆದಿತ್ತು. ಸೈಮಾ ಅದನ್ನು ನೋಡಲಿಲ್ಲ, ಅವಳಿಗೆ ಈಗ ಮರದ ಹಂಗೇ ಇರಲಿಲ್ಲ.

ಹಬ್ಬದ ಹಿಂದಿನ ದಿನ ರೇಡಿಯೋ ಮತ್ತೆ ಕಬ್ಬಿಣದ ರಾತ್ರಿ ಎಂದಿತು. ಸೈಮಾ ಹೊಗೆ ಸೌನಾದ ಮೇಲಿನ ಹಲಗೆಯಲ್ಲಿ, ಗೋಡೆಗೆ ಒತ್ತಿ, ಬಕೀಟುಗಳನ್ನು ಜೋಡಿಸಿ ಗೋಣಿ ಹೊದಿಸಿದಳು. ಬೆಳಿಗ್ಗೆ ಸಬ್ಬಸಿಗೆ ಸೊಪ್ಪು ಮತ್ತು ಮೀನು ತರಲು ಪೇಟೆಗೆ ಬಸ್ಸು ಹಿಡಿಯುವ ಮುಂಚೆ, ಗಾಳಕ್ಕೆ ದಾರ ಕಟ್ಟುತ್ತ ಕೂತಿದ್ದ ಗಂಡನಿಗೆ ಬಿಡಿಸಿ ಹೇಳಿದಳು.

"ಬಕೀಟು ಹೊಗೆ ಸೌನಾದಲ್ಲಿವೆ. ನಾನೇ ಬಂದು ಗೆಡ್ಡೆ ಕೀಳ್ತೀನಿ. ನೀನು ಮುಟ್ಟಬೇಡ. ಕೇಳಿಸ್ತಾ?"

"ಹೂಂ."

ಗಂಡಂದಿರ ಹೂಂ ಎಷ್ಟು ಬಗೆಯದು ಎಂಬುದನ್ನು ಸೈಮಾ ಅಷ್ಟು ವರ್ಷ ಸಂಸಾರ ಮಾಡಿಯೂ ಕಲಿತಿರಲಿಲ್ಲ ಎನ್ನುವುದೊಂದೇ ಆಶ್ಚರ್ಯ.

ಮಧ್ಯಾಹ್ನ ಬಸ್ಸಿಳಿದು ತಿರುವು ದಾಟುವಾಗ ಮೂಗಿಗೆ ಹೊಗೆ ವಾಸನೆ ಬಡಿಯಿತು. ಹಬ್ಬದ ದಿನ, ಎಲ್ಲರ ಮನೆಯಲ್ಲೂ ಸೌನಾ ಕಾಯುತ್ತದೆ, ಅಂದುಕೊಂಡು ನಡೆದಳು. ಇನ್ನಷ್ಟು ಹತ್ತಿರ ಬಂದು ಕೆರೆಯ ಕಡೆ ನೋಡಿದಳು. ಹೊಗೆ ಸೌನಾದ ಬಾಗಿಲಿನಿಂದ, ಗೋಡೆಯ ಕಿಂಡಿಯಿಂದ, ಹೊಸದಾಗಿ ತೇಪೆ ಹಾಕಿದ ಮಾಡಿನ ಸಂದಿನಿಂದ ಹೊಗೆ ಬುಸಬುಸ ಏಳುತ್ತಿತ್ತು! ಮುಂದೆ ತೌನೊ ನಿಂತಿದ್ದ. ಮುಖ ಪೂರ್ತಿ ಮಸಿ, ಹಲ್ಲು ಮಾತ್ರ ಬಿಳಿ.

"ಸೈಮಾ, ಕಣ್ಣು ಮುಚ್ಚು! ನಿಂಗೊಂದು ಆಶ್ಚರ್ಯ ಇದೆ!"

"ತೌನೊ... ಇದೇನು ಮಾಡಿದೆ?"

"ಅಮ್ಮನ ಸೌನಾ ಸರಿ ಮಾಡಿದೆ! ಮೀನಿಗೆ ಹೋಗೋ ಹಾಗೆ ನಟಿಸಿ, ನೀನು ಬಸ್ಸು ಹತ್ತಿದ ಕೂಡಲೇ ಮಾಡಿಗೆ ತೇಪೆ ಹಾಕಿದೆ. ನೀನು ಹೇಗೂ ಸೋತು ಬೇಜಾರು ಮಾಡ್ಕೋತೀಯಲ್ಲ, ಮುಂಚೇನೇ ಸಮಾಧಾನ ಮಾಡಿಬಿಡೋಣ ಅಂತ. ಬೆಳಿಗ್ಗೆಯಿಂದ ಉರಿ ಹಾಕ್ತಿದೀನಿ!"

"ಬಕೀಟು!"

"ಯಾವ ಬಕೀಟು?"

"ಒಳಗಿವೆ ಅಂತ ಹೇಳಿದ್ನಲ್ಲೋ! ನೀನು ಹೂಂ ಅಂದೆಯಲ್ಲ!"

ತೌನೊನ ಮಸಿ ಮುಖದಲ್ಲಿ ಹಲ್ಲು ಮಾಯವಾಯಿತು. "ನಾನು... ಗಂಟಿಗೆ ಹೂಂ ಅಂದಿದ್ದು ಕಣೇ. ಗಾಳದ ಗಂಟು ಸರಿಯಾಗಿ ಕೂತಿತ್ತು."

ಸೈಮಾ ಹೊಗೆಯೊಳಕ್ಕೆ ನುಗ್ಗಲು ಹೋದಳು. ಹೆಲ್ವಿ ಓಡಿ ಬಂದು, ಜೀವಮಾನದಲ್ಲಿ ಮೊದಲ ಬಾರಿಗೆ ಕಾಫಿ ಲೋಟ ನೆಲಕ್ಕೆ ಹಾಕಿ, ಅವಳ ಲಂಗವನ್ನು ಎರಡೂ ಕೈಯಲ್ಲಿ ಹಿಡಿದೆಳೆದಳು. "ಅತ್ತಿಗೆ, ಹುಚ್ಚಾ ನಿಂಗೆ? ಆಲೂಗಡ್ಡೆ ಹೋದ್ರೆ ಹೋಯ್ತು, ನೀನೂ ಹೊಗೇಲಿ ಒಣಗಿದ್ರೆ ಹಬ್ಬಕ್ಕೆ ನಿನ್ನನ್ನ ಬಡಿಸೋದಾ?"

ಉರಿ ಆರಿ ಹೊಗೆ ಇಳಿಯುವ ತನಕ ಮೂವರೂ ಹುಲ್ಲಿನ ಮೇಲೆ ಕೂತರು. ಹೊಗೆಗೆ ಹೆದರಿ ಸೊಳ್ಳೆ ಹತ್ತಿರ ಬರಲಿಲ್ಲ ಎನ್ನುವುದನ್ನು ಬಿಟ್ಟರೆ ಅದರಲ್ಲಿ ಸುಖವೇನೂ ಇರಲಿಲ್ಲ. ಕೊನೆಗೆ ತೌನೊ ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು ಒಳಗೆ ತೆವಳಿ, ಒಂದೊಂದೇ ಬಕೀಟು ಹೊರಗೆ ತಂದಿಟ್ಟ. ಗಿಡ ಎಂಬುದು ಕರಿ ದಾರವಾಗಿತ್ತು. ಮಣ್ಣಿನಿಂದ ಹಬೆ ಏಳುತ್ತಿತ್ತು. ಸೈಮಾ ತಲೆ ಮೇಲೆ ಕೈಯಿಟ್ಟು ಕೂತಳು.

ಹೆಲ್ವಿ ಮೂಗು ಅರಳಿಸಿದಳು. ಮತ್ತೊಮ್ಮೆ ಅರಳಿಸಿದಳು. "ಅತ್ತಿಗೆ, ಏನೋ ಘಮ್ ಅಂತಿದೆ."

ಒಂದು ಬಕೀಟನ್ನು ಬೋರಲು ಹಾಕಿ ತಳಕ್ಕೆ ತಟ್ಟಿದಳು. ಮಣ್ಣು ಕೇಕಿನ ಹಾಗೆ ಇಡಿಯಾಗಿ ಬಿದ್ದು ಬಿರುಕು ಬಿಟ್ಟಿತು. ಬಿರುಕಿನೊಳಗೆ, ಸಿಪ್ಪೆ ಒಡೆದು, ಬೆಳ್ಳಗೆ ನಗುತ್ತ, ಗುಬ್ಬಿಮೊಟ್ಟೆಯಷ್ಟು, ಕೆಲವು ಕೋಳಿಮೊಟ್ಟೆಯಷ್ಟೂ, ಆಲೂಗಡ್ಡೆ! ಹದವಾಗಿ ಬೆಂದ ಆಲೂಗಡ್ಡೆ!

ಅಲ್ಲೇ, ಹುಲ್ಲಿನ ಮೇಲೆ, ಸೈಮಾ ತಂದ ಪೊಟ್ಟಣ ಬಿಚ್ಚಿದರು. ಬೆಣ್ಣೆ ಹಚ್ಚಿ, ಸಬ್ಬಸಿಗೆ ಉದುರಿಸಿ, ಉಪ್ಪು ಮೀನು ನಂಜಿಕೊಂಡು ತಿಂದರು. ಹೊಗೆಯ ರುಚಿ, ಮಣ್ಣಿನ ರುಚಿ. ತೌನೊ ಬಾಯಿ ಸುಟ್ಟುಕೊಂಡು, ಊದಿ ಊದಿ, ಕಣ್ಣಲ್ಲಿ ನೀರು ತಂದುಕೊಂಡು ತಿಂದ.

ಕೊನೆಯ ಬಕೀಟು ಖಾಲಿಯಾಗುವ ಹೊತ್ತಿಗೆ ಸೈಮಾಳಿಗೆ ಜೀವ ಬಂತು. ಎದ್ದು ನಿಂತು ಗಲ್ಲದ ಬೆಣ್ಣೆ ಒರೆಸಿಕೊಂಡಳು. "ನಡುಬೇಸಿಗೆ ಹಬ್ಬ. ಹೊಸ ಆಲೂಗಡ್ಡೆ. ಹಿತ್ತಿಲು ನಂದು!"

"ತಡಿ ತಡಿ! ಅದು ಬೆಳೆದದ್ದು ಸೌನಾದಲ್ಲಿ" ಎಂದ ತೌನೊ, ತುಟಿಗೆ ಅಂಟಿದ ಸಾಕ್ಷಿಯನ್ನು ನೆಕ್ಕುತ್ತ.

"ಮಣ್ಣು ಎಲ್ಲೀದು? ಹಿತ್ತಿಲದು! ಹಾರೆ ಹಾಕಿ ಒಡೆದು ತಂದಿದ್ದು ಯಾರು? ನಾನು! ಹೆಲ್ವಿ, ನೀನೇ ಹೇಳಿದ್ದೆ, ಈ ಹಿತ್ತಿಲ ಮಣ್ಣಲ್ಲಿ ಬೆಳೆದಿರಬೇಕು ಅಂತ. ಹಿತ್ತಿಲು ಪೂರ್ತಿ ಈ ಬಕೀಟಲ್ಲೇ ಇತ್ತು!"

ನ್ಯಾಯಾಧೀಶೆ ಬೆರಳು ಚೀಪಿ ಯೋಚಿಸಿದಳು. ಹೊಸ ಲೋಟ ತರಿಸಿ ಕಾಫಿ ಕುಡಿದು ಯೋಚಿಸಿದಳು. ಆಮೇಲೆ ತೀರ್ಪು ಕೊಟ್ಟಳು.

"ಅತ್ತಿಗೆ ಹೇಳೋದು ಸರಿ. ಅತ್ತಿಗೆ ಗೆದ್ದಳು."

ಸೈಮಾ ಎರಡು ಕೈಯನ್ನೂ ಆಕಾಶಕ್ಕೆತ್ತಿದಳು.

"ಅತ್ತಿಗೆಯ ಹಿತ್ತಿಲು ಬಕೀಟಲ್ಲಿದೆ ಅಂತ ಅವಳೇ ಒಪ್ಪಿದಾಳೆ. ಆ ಹನ್ನೊಂದು ಬಕೀಟು ಹಿತ್ತಿಲು ಅವಳಿಗೆ. ಇನ್ನು ಮನೆ ಹಿಂದೆ ಉಳಿದಿರೋ ನೆಲ, ಅದರಲ್ಲಿ ಏನೂ ಬೆಳೆದಿಲ್ಲ, ಅದು ದೋಣಿಗೆ."

ಎತ್ತಿದ ಕೈಗಳು ಅಲ್ಲೇ ನಿಂತವು. ತನ್ನ ಬಾಯಿಂದಲೇ ಬಂದ ಮಾತು, ಯಾರನ್ನು ಬೈಯುವುದು? ಆ ಸಂಜೆ ಹೊಗೆ ಸೌನಾದ ಹಬೆಯಲ್ಲಿ ಸೈಮಾ ಬೆವರಿದ್ದೆಷ್ಟು, ಅತ್ತದ್ದೆಷ್ಟು ಎಂದು ಪಕ್ಕದಲ್ಲಿ ಕೂತ ಹೆಲ್ವಿಗೂ ಗೊತ್ತಾಗಲಿಲ್ಲ. ಕಲ್ಲಿನ ಮೇಲೆ ನೀರು ಎರಚುತ್ತ ಹೆಲ್ವಿ ಎಂದಳು, "ಸೌನಾ ಮಾತ್ರ ಚೆನ್ನಾಗಿ ಕಾದಿದೆ ಅತ್ತಿಗೆ." ಸೈಮಾ ಮೂಗು ಒರೆಸಿಕೊಂಡು "ಹೂಂ" ಎಂದಳು. ಅದು ಯಾವ ಬಗೆಯ ಹೂಂ ಎಂದು ಹೆಲ್ವಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ತೌನೊ ಕಂಬ ಹೆಗಲಿಗೇರಿಸಿ, ಸುತ್ತಿಗೆ ಹಿಡಿದು ಹಿತ್ತಿಲಿಗೆ ಹೋದ. ಸೈಮಾ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಳು. ಕಂಬ ಗುಂಡಿಗಿಳಿಯುವ ಸದ್ದು ಕೇಳಬಾರದಲ್ಲ! ಕೈ ನೋಯುವ ತನಕ ಮುಚ್ಚಿದ್ದಳು. ತೆಗೆದು ನೋಡಿದರೆ ಹೊರಗೆ ಸದ್ದೇ ಇಲ್ಲ. ಸುತ್ತಿಗೆಯದೂ ಇಲ್ಲ, ಗಂಡನದೂ ಇಲ್ಲ. ಗಾಬರಿಯಾಗಿ ಓಡಿದಳು.

ತೌನೊ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಟೋಪಿ ಕೈಯಲ್ಲಿತ್ತು. ಗುಂಡಿಯೊಳಗಿಂದ ಹಸಿರು ಎಲೆಗಳು, ದಪ್ಪಗೆ, ಗಟ್ಟಿಯಾಗಿ, ಒಂದರ ಮೇಲೊಂದು ನೂಕಾಡುತ್ತ ಮೇಲೆ ಬರುತ್ತಿದ್ದವು.

"ಇದೇನು?" ಎಂದ ತೌನೊ ಪಿಸುಮಾತಿನಲ್ಲಿ.

"ಆಲೂಗಡ್ಡೆ ಗಿಡ. ಯಾರು ನೆಟ್ಟಿದ್ದು?"

ತೌನೊ ಟೋಪಿಯ ಅಂಚು ತಿರುವಿದ.

"ತೌನೊ! ಕಸದ ಗುಡ್ಡೆಗೆ ಹಾಕು ಅಂದಿದ್ನಲ್ಲ!"

"ಸೊಳ್ಳೆ ಕಚ್ತಿದ್ವು ಕಣೇ. ಗುಂಡಿ ಹತ್ತಿರ ಇತ್ತು. ಸುರಿದು, ಬೂಟಲ್ಲಿ ಮಣ್ಣು ತಳ್ಳಿ, ಎರಡು ಸಲ ತುಳಿದೆ."

ಸೈಮಾ ಅಲ್ಲೇ ನೆಲಕ್ಕೆ ಕೂತಳು. ಬರ್ಚ್ ಎಲೆ ಇಲಿ ಕಿವಿಯಷ್ಟಾದ ಹೊತ್ತು. ಮಣ್ಣು ಕರಗಿ ಹದಕ್ಕೆ ಬಂದ ಹೊತ್ತು. ಕಬ್ಬಿಣದ ರಾತ್ರಿಯ ಹಿಮ ಮೇಲೆ ಮೇಲೆ ಹೋಗಿ ಗುಂಡಿಯೊಳಗೆ ಇಣುಕಿರಲಿಲ್ಲ. ತಾನು ಮೊಣಕೈ ಊರಿ ಕಾವು ನೋಡಿದ್ದೇನು, ಬಕೀಟು ಹೊತ್ತದ್ದೇನು! ಈ ಮನುಷ್ಯ ಯೋಚಿಸಿರಲಿಲ್ಲ, ಬಾಗಿರಲಿಲ್ಲ, ಕೈಗೆ ಮಣ್ಣು ಕೂಡ ಮಾಡಿಕೊಂಡಿರಲಿಲ್ಲ. ಶುದ್ಧ ಸೋಮಾರಿತನ ಬಿತ್ತಿದ್ದ. ಅದು ಚಿಗುರಿತ್ತು!

ಆದರೂ ಸೈಮಾ ಸೈಮಾಳೇ. ಎದ್ದು ಬೇಲಿಯ ಕಡೆ ಕೂಗಿದಳು. "ಹೆಲ್ವೀ! ಬಾ ಇಲ್ಲಿ! ಈ ನೆಲದಲ್ಲಿ ಬೆಳೆದಿದೆ! ಇದು ಹಿತ್ತಿಲೇ!"

"ಶ್!" ತೌನೊ ಅವಳ ಕೈ ಹಿಡಿದ. "ಮೆತ್ತಗೆ ಮಾತಾಡು. ಎಲೆ ಇನ್ನೂ ಎಳೇದು."

ಆ ದಿನ ಕಂಬ ನಿಲ್ಲಲಿಲ್ಲ. ದೋಣಿಮನೆಗೆಂದು ಕೊಯ್ದಿದ್ದ ಹಲಗೆಗಳು ಊಟದ ಹೊತ್ತಿಗೆ ಹಿಮಸಾರಂಗ ಹಾರಲಾರದಷ್ಟು ಎತ್ತರದ ಬೇಲಿಯಾದವು. ದೋಣಿ ಕೆರೆಯ ದಂಡೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು, ಅದರ ಹೊದಿಕೆ ಗಿಡಗಳ ಮೇಲೆ ಬಂದಿತ್ತು. ಹೆಲ್ವಿ ಬಂದು, ನೋಡಿ, ತೀರ್ಪು ತಿದ್ದಿದಳು: ನೆಲ ಹಿತ್ತಿಲಾಗಿಯೇ ಉಳಿಯಬೇಕು, ದೋಣಿ ಬೇರೆ ಜಾಗ ನೋಡಿಕೊಳ್ಳಬೇಕು.

ಸೈಮಾಳ ಎದೆ ಇನ್ನೇನು ಸೆಟೆಯಬೇಕು, ಅಷ್ಟರಲ್ಲಿ ತೌನೊ ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ದೇಶಕ್ಕೆಲ್ಲ ಮೊದಲ ಆಲೂಗಡ್ಡೆ ಕೊಡುವ ಊರಿನ ಮಗಳಿಗೆ ಪಾಠ ಶುರುಮಾಡಿದ. "ಆಲೂಗಡ್ಡೆ ಅಂದ್ರೆ ಆಳ ಬೇಕು ಸೈಮಾ. ನೆಟ್ಟ ಮೇಲೆ ತುಳೀಬೇಕು. ನಿಮ್ಮ ಕರಾವಳಿ ಜನಕ್ಕೆ ಈ ಸೂಕ್ಷ್ಮ ಎಲ್ಲ ಗೊತ್ತಾಗಲ್ಲ." ಬೇಲಿಯ ಆಚೆ ಹೆಲ್ವಿ ಈ ಸಲ ಒಳಗೆ ಹೋಗುವವರೆಗೂ ಕಾಯಲಿಲ್ಲ, ನಿಂತಲ್ಲೇ ನಕ್ಕಳು.

ಸೈಮಾ ತುಟಿ ಕಚ್ಚಿಕೊಂಡು ಮನೆಯ ಕಡೆ ತಿರುಗಿದಳು. ಹಿಂದಿನಿಂದ ತೌನೊ ಕೂಗಿ ಕೇಳಿದ:

"ಸೈಮಾ, ನಿನ್ನ ಬಕೀಟೆಲ್ಲ ಈಗ ಖಾಲಿ ತಾನೆ? ಹಾಗೇ ಒಂದು ಬಕೀಟು ನೀರು ತಂದು ನನ್ನ ಗಿಡಕ್ಕೆ ಹಾಕ್ತೀಯಾ?"